ಲೆಗೋ ಸಿಪಾಯಿಗಳಲ್ಲಿ 1791ರ ಬೆಂಗಳೂರು ಕೋಟೆ: ಪುಟ್ಟ ಸೈನ್ಯ ಕಟ್ಟುವ ಬಗೆ

ಮೊದಲು ಒಂದು ತಾರೀಖು ಗೊತ್ತು ಮಾಡಿಕೊಳ್ಳಿ. ಲೆಗೋದ, ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಆಟಿಕೆಯ, ಒಂದೇ ಒಂದು ಬಿಡಿಭಾಗ ಕೊಳ್ಳುವುದಕ್ಕೂ ಮುಂಚೆ. ಬರೀ "ರಾಜರ ಕಾಲದ ಸೈನ್ಯ" ಅಂದುಕೊಂಡು ಶುರು ಮಾಡಿದರೆ ದುಡ್ಡು ಹೋಗುತ್ತೆ, ಸೈನ್ಯ ಆಗಲ್ಲ. ನನಗೂ ಹಾಗೇ ಆಯಿತು. ರೋಮನ್ ಸೈನಿಕ, ಕಬ್ಬಿಣದ ಕವಚದ ನೈಟ್, ಕಡಲ್ಗಳ್ಳರ ಸರಣಿಯ ಕೆಂಪು ಕೋಟಿನವರು ಅಂತ ಕಂಡದ್ದನ್ನೆಲ್ಲ ಕೊಂಡೆ. ಜನ ಜಾಸ್ತಿ ಆದರು, ಆದರೆ ಒಬ್ಬರ ಪಕ್ಕ ಇನ್ನೊಬ್ಬರು ನಿಲ್ಲೋಕೆ ಕಾರಣವೇ ಇರಲಿಲ್ಲ.

ಈಗ ನನ್ನ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: 1791 ಮಾರ್ಚ್ 21. ಅವತ್ತು ರಾತ್ರಿ ಬೆಳದಿಂಗಳಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೈಯಲ್ಲಿದ್ದ ಬೆಂಗಳೂರು ಕೋಟೆಗೆ ನುಗ್ಗಿತು. ಕೆ.ಆರ್. ಮಾರುಕಟ್ಟೆಯ ಗದ್ದಲದ ಪಕ್ಕದಲ್ಲೇ ಆ ಕೋಟೆಯ ಡೆಲ್ಲಿ ಗೇಟ್ ಇವತ್ತಿಗೂ ನಿಂತಿದೆ. ಗೋಡೆ ಒಡೆದ ಕಡೆ ಅದೇ ತಾರೀಖು ಕೆತ್ತಿದ ಫಲಕವಿದೆ. ಬಸ್ಸಿನಲ್ಲಿ ಹೋಗಿ ಕೈಯಿಟ್ಟು ನೋಡಬಹುದಾದ ಜಾಗ ಇದು. ನೀವು ಮೈಸೂರಿನವರೋ ಚಿತ್ರದುರ್ಗದವರೋ ಆಗಿದ್ದರೆ ನಿಮ್ಮೂರಿನ ಕೋಟೆಗೆ ತಕ್ಕ ತಾರೀಖು ಹಿಡಿಯಿರಿ. ಒಂದು ಜಾಗ, ಒಂದು ದಿನ, ಅಷ್ಟು ಸಾಕು.

ತಾರೀಖು ಇದ್ದರೆ ಏನು ಲಾಭ ಅಂತೀರಾ? ಅದೇ ನಿಮಗೆ ಯಾವ ಭಾಗ ಬೇಕು, ಯಾವುದು ಬೇಡ ಅಂತ ಹೇಳುತ್ತೆ. ಉದಾಹರಣೆಗೆ ಶಾಕೋ, ಡಬ್ಬಿಯ ಥರ ಮೇಲಕ್ಕೆ ಎದ್ದಿರುವ ಕಪ್ಪು ಟೋಪಿ. ಲೆಗೋದ ಕಡಲ್ಗಳ್ಳರ ಸರಣಿ 1989ರಲ್ಲಿ ಬಂತು, ಆಗಿನಿಂದ ಹಳೇ ಕಾಲದ ಸಿಪಾಯಿ ಅಂದರೆ ನಮ್ಮ ಕಣ್ಣಿಗೆ ಬರುವುದು ಈ ಟೋಪಿಯೇ. ಆದರೆ ಬ್ರಿಟಿಷ್ ಕಾಲಾಳುಗಳಿಗೆ ಶಾಕೋ ಬಂದದ್ದು 1800ರ ಹೊತ್ತಿಗೆ. 1791ರ ಬೆಂಗಳೂರಿನಲ್ಲಿ ಅದಕ್ಕೆ ಜಾಗವಿಲ್ಲ. ಯುರೋಪಿಯನ್ ಸಿಪಾಯಿಗಳಿಗೆ ಸುತ್ತಲೂ ಅಂಚಿರುವ ಕಪ್ಪು ದುಂಡು ಟೋಪಿ ಹಾಕಿ. ಕೋಟು ಅದೇ ಕೆಂಪು, ಕೈಯಲ್ಲಿ ಕಡಲ್ಗಳ್ಳರ ಸರಣಿಯದೇ ಉದ್ದನೆ ಬಂದೂಕು. ಟೋಪಿ ಒಂದು ಬದಲಾದರೆ ಇಡೀ ಸಾಲಿನ ಕಾಲವೇ ಬದಲಾಗುತ್ತೆ.

ಆ ರಾತ್ರಿಯ ಕೆಂಪು ಕೋಟುಗಳೆಲ್ಲ ಯುರೋಪಿನವರಲ್ಲ ಅನ್ನೋದನ್ನೂ ಮರೆಯಬೇಡಿ. ಕಾರ್ನ್‌ವಾಲಿಸ್‌ನ ಸೈನ್ಯದಲ್ಲಿ ನಮ್ಮ ಕಡೆಯ ಸಿಪಾಯಿಗಳೂ ತುಂಬಾ ಇದ್ದರು. ಮೇಲೆ ಕೆಂಪು ಕೋಟು, ಕೆಳಗೆ ತೊಡೆವರೆಗಿನ ಬಿಳಿ ಚಡ್ಡಿ, ಅದರ ಕೆಳಗೆ ಬರೀ ಕಾಲು. ಇದನ್ನು ಮಿನಿಫಿಗರ್‌ನಲ್ಲಿ, ಅಂದರೆ ಲೆಗೋದ ಪುಟ್ಟ ಗೊಂಬೆಯಲ್ಲಿ, ತೋರಿಸುವುದು ಸುಲಭ. ಸೊಂಟದ ತುಂಡು ಬಿಳಿ, ಕಾಲಿನ ತುಂಡು ಕಂದು, ತೊಡೆಯ ಮೇಲ್ಭಾಗಕ್ಕೆ ಒಂದು ಗೆರೆ ಬಿಳಿ ಬಣ್ಣ. ಆದರೆ ಕಾಲಿಗೆ ಹಾಕಿದ ಬಣ್ಣವೇ ಮುಖಕ್ಕೂ ಕೈಗೂ ಇರಬೇಕು. ಹಳದಿ ಮುಖಕ್ಕೆ ಕಂದು ಕಾಲು ಸೇರಿದರೆ ಕಣ್ಣಿಗೆ ಚುಚ್ಚುತ್ತೆ. ಕೈಗಳನ್ನು ಮೆಲ್ಲಗೆ ತಿರುಗಿಸುತ್ತಾ ಎಳೆದರೆ ಹೊರಗೆ ಬರುತ್ತವೆ, ಬೇರೆ ಬಣ್ಣದ್ದು ಹಾಕಬಹುದು. ತೋಳುಗಳನ್ನು ಮಾತ್ರ ಕೀಳಬೇಡಿ. ಮೈಯ ತುಂಡಿನ ಪಕ್ಕದಲ್ಲಿ ಸೀಳು ಬಿಟ್ಟರೆ ಆಮೇಲೆ ಅದು ಸರಿಯಾಗಲ್ಲ.

ಭಾಗಗಳು ಎಲ್ಲಿ ಸಿಗುತ್ತವೆ? ಪೂರ್ತಿ ಸೆಟ್ ಕೊಳ್ಳಬೇಡಿ, ಬಿಡಿಬಿಡಿಯಾಗಿ ಕೊಳ್ಳಿ. 2000ದಲ್ಲಿ ಶುರುವಾಗಿ 2019ರಲ್ಲಿ ಲೆಗೋ ಕಂಪನಿಯ ಕೈಗೇ ಬಂದ ಬ್ರಿಕ್‌ಲಿಂಕ್ ಅನ್ನೋ ಆನ್‌ಲೈನ್ ಮಾರುಕಟ್ಟೆಯಲ್ಲಿ ತಲೆ, ಮೈ, ಕಾಲು, ಟೋಪಿ ಎಲ್ಲ ಬೇರೆಬೇರೆಯಾಗಿ ಸಿಗುತ್ತವೆ, ಬಣ್ಣ ಹೇಳಿ ಹುಡುಕಬಹುದು. ಬೇಕಾದ್ದನ್ನೆಲ್ಲ ಮೊದಲು ವಾಂಟೆಡ್ ಲಿಸ್ಟಿಗೆ ಹಾಕಿ, ಜಾಸ್ತಿ ಭಾಗ ಒಬ್ಬನ ಹತ್ತಿರವೇ ಸಿಗುವಂಥ ಅಂಗಡಿ ಹುಡುಕಿ, ಯಾಕೆಂದರೆ ಹೊರದೇಶದಿಂದ ತರಿಸಿದರೆ ಸಾಗಣೆ ಖರ್ಚಿನ ಮೇಲೆ ಆಟಿಕೆಗೆ ಕಸ್ಟಮ್ಸ್ ಸುಂಕವೂ ಬೀಳುತ್ತೆ, ಐದು ಅಂಗಡಿಗೆ ಐದು ಸಲ ಕೊಡುವುದು ಬೇಡ ಅಲ್ವಾ. ನಾವು ಮೂವರು ಗೆಳೆಯರು ಸೇರಿ ವರ್ಷಕ್ಕೆ ಎರಡೇ ಸಲ ತರಿಸುತ್ತೇವೆ. ಅಗ್ಗದ ನಕಲಿ ಸಿಪಾಯಿಗಳ ಬಗ್ಗೆ ನನ್ನ ಮಾತು ಒಂದೇ: ಬೇಡ. ಒಂದು ಅಂಗಡಿಯಲ್ಲಿ ಇಪ್ಪತ್ತು ಜನರ ಪೊಟ್ಟಣ ಕೊಂಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧದಷ್ಟು ಜನರ ಕಾಲು ಸಡಿಲವಾಗಿ ನೆಟ್ಟಗೆ ನಿಲ್ಲದ ಹಾಗಾಯಿತು.

ಎಷ್ಟು ಜನ ಬೇಕು? ಸ್ಟಡ್ ಅಂದರೆ ಲೆಗೋ ತುಂಡಿನ ಮೇಲಿನ ದುಂಡು ಗುಬುಟು. 32 ಸ್ಟಡ್‌ನ ಬೇಸ್‌ಪ್ಲೇಟ್, ಅಂದರೆ ಎಲ್ಲದಕ್ಕೂ ಅಡಿಯಾಗುವ ಚೌಕ ಹಲಗೆ, ಒಂದು ಬದಿಗೆ 25.6 ಸೆಂಟಿಮೀಟರ್ ಬರುತ್ತೆ. ಒಬ್ಬ ಸಿಪಾಯಿಗೆ ತೋಳು ಸೇರಿ ಮೂರು ಸ್ಟಡ್ ಬಿಟ್ಟರೆ ಒಂದು ಸಾಲಿಗೆ ಹತ್ತು ಜನ. ಮೂರು ಸಾಲು, ಮೂವತ್ತು ಜನ. ಹಿಂದಿನ ಸಾಲಿನ ಕೆಳಗೆ ಒಂದು ಇಟ್ಟಿಗೆ ಎತ್ತರ ಕೊಡಿ, ಎಲ್ಲರ ಮುಖವೂ ಕಾಣುತ್ತೆ. ನೂರು ಜನ ಬೇಕು ಅನ್ನೋ ಆಸೆ ಎಲ್ಲರಿಗೂ ಬರುತ್ತೆ, ತಡೆದುಕೊಳ್ಳಿ. ನೋಡುವವರು ಮುಂದಿನ ಹತ್ತು ಜನರ ಹತ್ತಿರ ಬಗ್ಗಿ ನೋಡುತ್ತಾರೆ. ಅವರನ್ನು ಚೆನ್ನಾಗಿ ಮಾಡಿ.

ಇನ್ನು ಮೈಸೂರಿನವರು. ಟಿಪ್ಪುವಿನ ಕಾಲಾಳುಗಳ ಅಂಗಿಯ ಮೇಲೆ ಹುಲಿಪಟ್ಟೆ ಇತ್ತು. ಆ ಕಾಲದವರು ಬರೆದಿಟ್ಟ ಹಾಗೆ ನೇರಳೆ ಬಟ್ಟೆ, ಅದರ ಮೇಲೆ ಬಿಳಿ ಗುರುತುಗಳು, ತಲೆಗೆ ಕೆಂಪು ರುಮಾಲು, ನಡುವಿಗೆ ನಡುಕಟ್ಟು. ಕಾರ್ನ್‌ವಾಲಿಸ್‌ನ ದಂಡಿನ ಜೊತೆಗೇ ಬಂದಿದ್ದ ರಾಬರ್ಟ್ ಹೋಮ್ ಅನ್ನೋ ಚಿತ್ರಕಾರ ರಾಕೆಟ್ ಹಿಡಿದ ಮೈಸೂರು ಸಿಪಾಯಿಯೊಬ್ಬನ ಚಿತ್ರ ಬರೆದಿದ್ದಾನೆ. ಕಣ್ಣಾರೆ ಕಂಡವನ ಕೆಲಸ, ಅದನ್ನು ಮುಂದಿಟ್ಟುಕೊಳ್ಳಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ದೊಡ್ಡ ಗೋಡೆಚಿತ್ರವನ್ನೂ ನೋಡಿ ಬನ್ನಿ. ಅದು 1780ರ ಪೊಳ್ಳಿಲೂರು ಕಾಳಗದ್ದು. ಜನ ಹೇಗೆ ಗುಂಪು ಕಟ್ಟಿ ನಿಲ್ಲುತ್ತಾರೆ, ಆನೆ ಕುದುರೆ ಹೇಗೆ ನುಗ್ಗುತ್ತವೆ ಅನ್ನೋದನ್ನು ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಬಣ್ಣಕ್ಕೆ ಮಾತ್ರ ಅದನ್ನು ನೆಚ್ಚಬೇಡಿ, ಆಮೇಲಿನವರು ಒಂದಕ್ಕಿಂತ ಜಾಸ್ತಿ ಸಲ ಅದರ ಮೇಲೆ ಬಣ್ಣ ಹಚ್ಚಿದ್ದಾರೆ.

ಹುಲಿಪಟ್ಟೆ ಅಂದರೆ ಉದ್ದುದ್ದ ಗೆರೆ ಅಂದುಕೊಳ್ಳಬೇಡಿ. ಅದು ಗಿಡ್ಡ, ಎರಡು ಕಡೆ ಬಾಗಿದ, ತುದಿ ಚೂಪಾದ ಗುರುತು. ದೀಪದ ಕುಡಿ ಗಾಳಿಗೆ ಅಡ್ಡ ಬಾಗಿದ ಹಾಗೆ. ಒಂದು ಸಾಲಿನ ಗುರುತುಗಳ ಸಂದಿಗೆ ಕೆಳಗಿನ ಸಾಲಿನವು ಬರಬೇಕು. ಮಿನಿಫಿಗರ್‌ನ ಎದೆ ಕೆಳಗಡೆ ಎರಡು ಸ್ಟಡ್ ಅಗಲ, ಸುಮಾರು 16 ಮಿಲಿಮೀಟರ್, ಮೇಲೆ ಇನ್ನೂ ಕಿರಿದು. ಅಷ್ಟರಲ್ಲಿ ನಾನು ಮೊದಲು ಹದಿನೈದು ಗುರುತು ತುಂಬಿದೆ, ಒಂದಡಿ ದೂರದಿಂದ ಬರೀ ಬೂದಿ ಮೆತ್ತಿದ ಹಾಗೆ ಕಾಣಿಸಿತು. ಈಗ ಆರೇ ಆರು. ಮೇಲೆ ಎರಡು, ನಡುವೆ ಎರಡು, ಕೆಳಗೆ ಎರಡು, ಆಚೀಚೆ ಸರಿಸಿ. ಹುಲಿಪಟ್ಟೆ ಅಂತ ತಕ್ಷಣ ಗೊತ್ತಾಗುತ್ತೆ.

ಇದನ್ನು ವಾಟರ್‌ಸ್ಲೈಡ್ ಡೆಕಾಲ್ ಕಾಗದದಲ್ಲಿ, ಅಂದರೆ ನೀರಲ್ಲಿ ನೆನೆಸಿದರೆ ಚಿತ್ರದ ಪೊರೆ ಜಾರಿ ಬರುವ ಕಾಗದದಲ್ಲಿ, ಮಾಡಿ. ಮಾಮೂಲಿ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರಲ್ಲ, ಆದ್ದರಿಂದ ಪಾರದರ್ಶಕ ಕಾಗದ ಬೇಡ, ಬಿಳಿ ಕಾಗದ ತಗೊಳ್ಳಿ. ಎದೆಯಷ್ಟೂ ಜಾಗಕ್ಕೆ ನೇರಳೆ ತುಂಬಿಸಿ, ಗುರುತಿನ ಜಾಗ ಖಾಲಿ ಬಿಡಿ, ಕಾಗದದ ಬಿಳಿಯೇ ಗುರುತಾಗುತ್ತೆ. ಮೊದಲು ಸಾದಾ ಹಾಳೆಯಲ್ಲಿ ಅಚ್ಚು ಹಾಕಿ, ಕತ್ತರಿಸಿ, ಎದೆಗೆ ಹಿಡಿದು ಅಳತೆ ನೋಡಿ. ಇಂಕ್‌ಜೆಟ್ ಆದರೆ ಅಚ್ಚಾದ ಮೇಲೆ ಮೂರು ತೆಳು ಪದರ ವಾರ್ನಿಷ್ ಸ್ಪ್ರೇ ಮಾಡಲೇಬೇಕು, ಇಲ್ಲದಿದ್ದರೆ ನೀರು ತಾಗಿದ ಕೂಡಲೇ ಬಣ್ಣ ಓಡುತ್ತೆ. ಆಮೇಲೆ ಕತ್ತರಿಸಿದ ಚೂರನ್ನು ನೀರಿನಲ್ಲಿ ಅರ್ಧ ನಿಮಿಷ ಬಿಡಿ. ಬೆರಳಲ್ಲಿ ತಳ್ಳಿದರೆ ಮೇಲಿನ ಪೊರೆ ಜಾರಬೇಕು. ಜಾರದಿದ್ದರೆ ಎಳೆಯಬೇಡಿ, ಇನ್ನೂ ಹತ್ತು ಸೆಕೆಂಡ್ ಕಾಯಿರಿ. ಎದೆಯ ಮೇಲೆ ಒಂದು ಹನಿ ನೀರಿಟ್ಟು ಪೊರೆ ಜಾರಿಸಿ, ಸೂಜಿ ಮೊನೆಯಿಂದ ಜಾಗಕ್ಕೆ ಸರಿಸಿ, ನಡುವಿನಿಂದ ಅಂಚಿನ ಕಡೆಗೆ ಇಯರ್‌ಬಡ್ ಒತ್ತಿ ನೀರು ತೆಗೆಯಿರಿ. ಒಂದು ರಾತ್ರಿ ಒಣಗಲಿ. ಮೇಲೆ ಮ್ಯಾಟ್ ವಾರ್ನಿಷ್. ಜೋರು ಮಳೆಯ ದಿನ ವಾರ್ನಿಷ್ ಕೆಲಸಕ್ಕೆ ಕೈ ಹಾಕಬೇಡಿ. ಅದು ಒಣಗದೆ ಅಂಟಂಟಾಗಿ ಉಳಿದು ಬೆರಳ ಗುರುತೆಲ್ಲ ಹಿಡಿಯುತ್ತೆ.

ರುಮಾಲಿಗೆ ಲೆಗೋದ್ದೇ ತುಂಡು ಸಿಗುತ್ತೆ. 2003ರ ಓರಿಯಂಟ್ ಎಕ್ಸ್‌ಪೆಡಿಷನ್ ಸರಣಿಯಲ್ಲಿ ಒಬ್ಬ ಮಹಾರಾಜನೇ ಇದ್ದ. ಆದರೆ ಹತ್ತಾರು ಬೇಕೆಂದರೆ ದುಬಾರಿ. ನಾನು ಎಂ-ಸೀಲ್‌ನಲ್ಲಿ ಮಾಡುತ್ತೇನೆ. ಗೊಂಬೆಯ ತಲೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಮೇಲಿನ ಸ್ಟಡ್ ಮುಚ್ಚುವಷ್ಟು ಪುಟ್ಟ ಉಂಡೆ ಒತ್ತಿ, ಆಮೇಲೆ ಚಕ್ಕುಲಿಯ ಹಾಗೆ ತೆಳ್ಳಗೆ ಹೊಸೆದು ಸುತ್ತಿ, ಟೂತ್‌ಪಿಕ್‌ನಿಂದ ಮಡಿಕೆ ಗೀರಿ. ಗಟ್ಟಿಯಾದ ಮೇಲೆ ಸುಮ್ನೆ ಎತ್ತಿದರೆ ಕಳಚಿ ಬರುತ್ತೆ. ಸೋಪು ನೀರಲ್ಲಿ ತೊಳೆದು ಕೆಂಪು ಬಳಿಯಿರಿ. ನಾದುವಾಗ ಕೈಗವಸು ಹಾಕಿಕೊಳ್ಳಿ.

ನನಗೆ ತುಂಬಾ ಇಷ್ಟದ ಕೆಲಸ ರಾಕೆಟ್. ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನಲ್ಲಿ 2018ರಲ್ಲಿ ಒಂದು ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ ಸಿಕ್ಕವು, ನೆನಪಿದೆಯಾ? ಕಬ್ಬಿಣದ ಕೊಳವೆ, ಅದನ್ನು ಬಿದಿರಿಗೆ ಚರ್ಮದ ಪಟ್ಟಿಯಿಂದ ಕಟ್ಟುತ್ತಿದ್ದರು. ಇಂಗ್ಲೆಂಡಿಗೆ ಹೋದ ಒಂದರ ಅಳತೆ ಹೀಗಿದೆ: ಕೊಳವೆ 19.8 ಸೆಂಟಿಮೀಟರ್ ಉದ್ದ, 3.7 ಸೆಂಟಿಮೀಟರ್ ದಪ್ಪ, ಬಿದಿರು 1.9 ಮೀಟರ್. ಮಿನಿಫಿಗರ್ ಟೋಪಿ ಇಲ್ಲದೆ 4 ಸೆಂಟಿಮೀಟರ್, ಅಂದರೆ ಆಳಿಗಿಂತ ಸುಮಾರು 42 ಪಟ್ಟು ಚಿಕ್ಕದು. ಅದೇ ಲೆಕ್ಕದಲ್ಲಿ ಬಿದಿರು ನಾಲ್ಕೂವರೆ ಸೆಂಟಿಮೀಟರ್, ಕೊಳವೆ 5 ಮಿಲಿಮೀಟರ್ ಉದ್ದ. ದಪ್ಪ ಮಾತ್ರ ಒಂದು ಮಿಲಿಮೀಟರ್ ಕೂಡ ಬರಲ್ಲ. ದೇವರ ಮನೆಯಲ್ಲಿ ಊದುಬತ್ತಿ ಉರಿದು ಉಳಿಯುವ ಕಡ್ಡಿ ನೋಡಿ, ಹೆಚ್ಚುಕಮ್ಮಿ ಅಷ್ಟೇ ಉದ್ದ, ಅದೂ ಬಿದಿರೇ! ತುದಿಯ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಸಣ್ಣ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿ, ದೀಪಾವಳಿ ರಾಕೆಟ್ಟಿನ ಥರ ಕಡ್ಡಿಯ ಪಕ್ಕಕ್ಕೆ ಕಂದು ದಾರದಿಂದ ಕಟ್ಟಿ. ಕೊಳವೆಗೆ ಕಪ್ಪು ಬಳಿಯಿರಿ.

ಆದರೆ ಮಿನಿಫಿಗರ್‌ನ ಮುಷ್ಟಿ ಹಿಡಿಯುವುದು 3.2 ಮಿಲಿಮೀಟರ್ ದಪ್ಪದ ಕೋಲನ್ನು. ಊದುಬತ್ತಿ ಕಡ್ಡಿ ಅದರಲ್ಲಿ ನಿಲ್ಲಲ್ಲ. ಹಾಗಾಗಿ ನಾನು ಎರಡು ಥರ ಮಾಡುತ್ತೇನೆ. ನೆಲದ ಮೇಲೆ ಜೋಡಿಸುವವು ಊದುಬತ್ತಿ ಕಡ್ಡಿಯವು. ಕೈಯಲ್ಲಿ ಹಿಡಿಸುವವು ಕಬಾಬ್ ಚುಚ್ಚುವ 3 ಮಿಲಿಮೀಟರ್ ಬಿದಿರು ಕಡ್ಡಿಯವು, ಹಿಡಿಯುವ ಕಡೆ ಒಂದು ಸುತ್ತು ಟೇಪ್ ಹಾಕಿದರೆ ಗಟ್ಟಿಯಾಗಿ ಕೂರುತ್ತೆ.

ಗೋಡೆಯ ಬಗ್ಗೆ ಜಾಸ್ತಿ ಹೇಳಲ್ಲ. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಗೋಡೆ ಅದು, ಬೂದು ಇಟ್ಟಿಗೆಗಳೇ ಸಾಕು, ನಡುನಡುವೆ ಎರಡು ಮೂರು ಛಾಯೆ ಬೆರೆಸಿ. ಒಡೆದ ಬಿರುಕಿನ ಕೆಳಗೆ ಕಲ್ಲು ಸುರಿದಂತೆ ಇಳಿಜಾರು ತುಂಡುಗಳನ್ನು ಚೆಲ್ಲಿ. ಆ ಬಿರುಕಿನ ನಡುವೆ ಒಬ್ಬನನ್ನು ಬೇರೆಯಾಗಿ ನಿಲ್ಲಿಸಿ. ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹಾದೂರ್ ಖಾನ್ ಅವತ್ತು ರಾತ್ರಿ ಹೋರಾಡುತ್ತಲೇ ಸತ್ತ, ವಯಸ್ಸಾದವನು. ನಾನು ಅವನಿಗೆ ಮಾಂತ್ರಿಕನ ಬಿಳಿ ಗಡ್ಡದ ತುಂಡನ್ನು ಚಿಕ್ಕದಾಗಿ ಕತ್ತರಿಸಿ ಹಾಕಿದ್ದೇನೆ. ಕೈಗೆ ಬಂದೂಕು ಬೇಡ, ಕತ್ತಿ ಕೊಡಿ. ಅವನ ಅಕ್ಕಪಕ್ಕ ನಾಲ್ಕು ಸ್ಟಡ್ ಖಾಲಿ ಇರಲಿ, ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತೆ.

ನಮ್ಮ ಮನೆಯಲ್ಲಿ ಈ ಸೈನ್ಯ ಹೊರಗೆ ಬರುವುದು ದಸರಾ ಗೊಂಬೆ ಕೂರಿಸುವಾಗ, ಕೆಳಗಿನ ಮೆಟ್ಟಿಲಿನಲ್ಲಿ, ಅಮ್ಮನ ಚನ್ನಪಟ್ಟಣದ ಬೊಂಬೆಗಳ ಪಕ್ಕ. ಒಂಬತ್ತು ದಿನ ಮಕ್ಕಳೆಲ್ಲ ಮುಟ್ಟುತ್ತಾರೆ, ಮುಟ್ಟಲಿ. ಅದಕ್ಕೇ ವಾರ್ನಿಷ್ ಹಾಕಿದ್ದು. ಉಳಿದ ದಿನ ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ, ಬಿಳಿ ಮತ್ತು ಬೂದು ತುಂಡುಗಳು ಹಳದಿಯಾಗುತ್ತವೆ. ಎತ್ತಿಡುವ ಮೊದಲು ಎಲ್ಲರ ಕೈಯಿಂದ ರಾಕೆಟ್, ಬಂದೂಕು, ಕತ್ತಿ ಬಿಡಿಸಿ ಬೇರೆ ಡಬ್ಬಿಗೆ ಹಾಕಿ. ಟೇಪ್ ಸುತ್ತಿದ ಕಡ್ಡಿ ವರ್ಷವಿಡೀ ಮುಷ್ಟಿಯಲ್ಲೇ ಉಳಿದರೆ ಮುಷ್ಟಿ ಅಗಲವಾಗಿಬಿಡುತ್ತೆ, ಮುಂದಿನ ದಸರಾಕ್ಕೆ ಏನನ್ನೂ ಹಿಡಿಯಲ್ಲ.