ಕಲಬುರಗಿಯಿಂದ ನಾಲ್ಕು ದಿನಗಳ ಕಾರು ಪ್ರವಾಸ: ಹೈದರಾಬಾದ್, ಸೊಲ್ಲಾಪುರ, ವಿಜಯಪುರ

ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಅಲ್ಲಿಂದ ಸೊಲ್ಲಾಪುರ ಸುಮಾರು 300, ಸೊಲ್ಲಾಪುರದಿಂದ ವಿಜಯಪುರ 100, ವಿಜಯಪುರದಿಂದ ಮರಳಿ ಕಲಬುರಗಿ 160. ಮೂರು ರಾಜ್ಯಗಳನ್ನು ಹಾದು ಬರುವ ಈ ಸುತ್ತು ಒಟ್ಟು 780 ಕಿ.ಮೀ. ಆಗುವುದರಿಂದ ನಾಲ್ಕು ದಿನಗಳಲ್ಲಿ ಆರಾಮವಾಗಿ ಮುಗಿಸಬಹುದು. ಬೀದರನ್ನೂ ಇದರಲ್ಲೇ ಸೇರಿಸಬೇಕೆಂಬ ಆಸೆ ಎಲ್ಲರಿಗೂ ಆಗುತ್ತದೆ. ನನ್ನ ಸಲಹೆ ಕೇಳಿದರೆ ಅದನ್ನು ಬಿಟ್ಟುಬಿಡಿ. ಯಾವ ಭಾನುವಾರವಾದರೂ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ಊರಿಗಾಗಿ ರಜೆಯ ದಿನವೊಂದನ್ನು ಖರ್ಚು ಮಾಡಬೇಕಾಗಿಲ್ಲ.

ಪ್ರವಾಸದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಿದವರು ಸಾಮಾನ್ಯವಾಗಿ ದಾರಿಯಲ್ಲಿ ಸೋಲುವುದಿಲ್ಲ, ಊರಿನ ಬಾಗಿಲಲ್ಲಿ ಸೋಲುತ್ತಾರೆ. ಹೆದ್ದಾರಿಯಲ್ಲಿ ಒಂದು ಗಂಟೆಗೆ 60–70 ಕಿ.ಮೀ. ಸಾಗುವ ಕಾರು, ಕಚೇರಿ ಬಿಡುವ ಹೊತ್ತಿಗೆ ಹೈದರಾಬಾದನ್ನು ಹೊಕ್ಕರೆ ಕೊನೆಯ ಹದಿನೈದು ಕಿ.ಮೀ.ಗೆ ಅಷ್ಟೇ ಸಮಯ ತೆಗೆದುಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ನಗರವನ್ನು ಎಷ್ಟು ಗಂಟೆಗೆ ಪ್ರವೇಶಿಸಬೇಕು, ಎಷ್ಟು ಗಂಟೆಗೆ ಬಿಡಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೊರಡುವ ಸಮಯವನ್ನು ನಿಗದಿಪಡಿಸಬೇಕು.

ವಾರದ ಆಯ್ಕೆಯೂ ಮುಖ್ಯ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಮತ್ತು ಚೌಮಹಲ್ಲಾ ಅರಮನೆ ಎರಡಕ್ಕೂ ಶುಕ್ರವಾರ ರಜೆ. ಶುಕ್ರವಾರ ಹೊರಟು ಸೋಮವಾರ ಮರಳುವಂತೆ ಯೋಜಿಸಿದರೆ, ಆ ದಿನದ ಮಧ್ಯಾಹ್ನವನ್ನು ಗೋಲ್ಕೊಂಡ ಕೋಟೆಗೆ ಕೊಟ್ಟು ಇವೆರಡನ್ನು ಶನಿವಾರಕ್ಕೆ ಇಟ್ಟುಕೊಳ್ಳಬಹುದು. ಋತುವಿನ ವಿಷಯದಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಆದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುವುದರಿಂದ, ಜಾತ್ರೆಯನ್ನೇ ನೋಡಲು ಹೋಗುವವರನ್ನು ಬಿಟ್ಟು ಉಳಿದವರು ಆ ವಾರವನ್ನು ತಪ್ಪಿಸುವುದು ಲೇಸು.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಹೊರಟರೆ ಹುಮನಾಬಾದಿನಲ್ಲಿ ನಾಷ್ಟಾ ಮಾಡಬಹುದು. ತೆಲಂಗಾಣದಲ್ಲಿ ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ತುಟ್ಟಿಯಾಗಿರುವುದರಿಂದ ಟ್ಯಾಂಕನ್ನೂ ಹುಮನಾಬಾದಿನಲ್ಲೇ ತುಂಬಿಸಿಕೊಳ್ಳಿ. ಅಲ್ಲಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 65 ಜಹೀರಾಬಾದ್, ಸಂಗಾರೆಡ್ಡಿಗಳ ಮೂಲಕ ನೇರವಾಗಿ ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿಗೆ ಒಯ್ಯುತ್ತದೆ. ಬೆಳಗಿನ ಕಚೇರಿ ದಟ್ಟಣೆ ಇಳಿದ ಮೇಲೆ, ಹನ್ನೊಂದರ ಸುಮಾರಿಗೆ, ಮಿಯಾಪುರ ತಲುಪುವುದು ನಮ್ಮ ಗುರಿ. ವಸತಿಯನ್ನೂ ಅಲ್ಲಿಯೇ, ಕಾರು ನಿಲ್ಲಿಸಲು ಸ್ವಂತ ಜಾಗವಿರುವ ಹೋಟೆಲಿನಲ್ಲಿ, ಕಾಯ್ದಿರಿಸಿ. ಇದಕ್ಕೆ ಕಾರಣ ಸರಳ: ನಮ್ಮ ಕಡೆಯ ವಾಹನಗಳು ನಗರವನ್ನು ಹೊಗುವ ದಿಕ್ಕಿನಲ್ಲೇ ಮಿಯಾಪುರವಿದೆ, ಮೆಟ್ರೊದ ಕೆಂಪು ಮಾರ್ಗ ಅಲ್ಲಿಂದಲೇ ಆರಂಭವಾಗುತ್ತದೆ. ಶನಿವಾರ ಕಾರಿನ ಕೀಲಿಯನ್ನು ಕೋಣೆಯಲ್ಲೇ ಇಟ್ಟು ಮೆಟ್ರೊದಲ್ಲಿ ಎಂಜಿಬಿಎಸ್ (ಮಹಾತ್ಮ ಗಾಂಧಿ ಬಸ್ ಸ್ಟೇಷನ್) ನಿಲ್ದಾಣಕ್ಕೆ ಹೋಗಿ, ಆಟೊ ಹಿಡಿದರೆ ಸಾಲಾರ್ ಜಂಗ್, ಚೌಮಹಲ್ಲಾ ಮತ್ತು 1591ರ ಚಾರ್‌ಮಿನಾರ್ ಎಲ್ಲವೂ ಹತ್ತಿರವೇ. ಹಳೆಯ ನಗರದ ಗಲ್ಲಿಗಳಿಗೆ ಸ್ವಂತ ಕಾರು ಒಯ್ಯುವವರಿಗೆ ಚಾರ್‌ಮಿನಾರಿಗಿಂತ ಮುಂದಿನ ಗಾಡಿಯ ಹಿಂಭಾಗವೇ ಹೆಚ್ಚು ಹೊತ್ತು ಕಾಣಿಸುತ್ತದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರೆ ನಗರ ಖಾಲಿ, ಸೂರ್ಯನೂ ಬೆನ್ನಿಗೆ. ಸೊಲ್ಲಾಪುರಕ್ಕೆ ಸುಮಾರು 50 ಕಿ.ಮೀ. ಮೊದಲು ಸಿಗುವ ನಳದುರ್ಗದ ಕೋಟೆಗೆ ಎರಡು ಗಂಟೆ ಕೊಡಿ. ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಒಡಲಲ್ಲೇ ಇರುವ ಪಾನಿ ಮಹಲ್, ಮಳೆಗಾಲದಲ್ಲಿ ಅದರ ಮೇಲಿಂದ ನೀರು ಧುಮುಕುವಾಗ, ಆದಿಲ್‌ಶಾಹಿ ಕಾಲದ ಕುಶಲತೆ ಎಂಥದೆಂಬುದನ್ನು ತೋರಿಸುತ್ತದೆ. ಸೊಲ್ಲಾಪುರದ ಸಂಜೆಗೆ ಕೆರೆಯ ನಡುವಿನ ಸಿದ್ಧೇಶ್ವರ ದೇವಾಲಯ ಮತ್ತು ಚಾದರದ ಅಂಗಡಿಗಳಷ್ಟೇ ಸಾಕು.

ಕೊನೆಯ ದಿನಕ್ಕೆ ಹೋಗುವ ಮೊದಲು ಸಿದ್ಧತೆಯ ಮಾತು. ದಾಖಲೆಗಳಲ್ಲಿ ಆರ್‌ಸಿ, ವಿಮೆ, ಚಾಲನಾ ಪರವಾನಗಿ ಮತ್ತು ಹೊಗೆ ತಪಾಸಣೆ ಪತ್ರದ ಅವಧಿಯನ್ನು ಒಂದು ವಾರ ಮೊದಲೇ ನೋಡಿಕೊಳ್ಳಿ. ಬಾಡಿಗೆ ಕಾರಾದರೆ ತೆಲಂಗಾಣ, ಮಹಾರಾಷ್ಟ್ರಗಳ ಪರ್ಮಿಟ್ ಯಾರ ಜವಾಬ್ದಾರಿ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ. ಫಾಸ್ಟ್ಯಾಗಿನಲ್ಲಿ ಹಣವಿರಲಿ. ಸ್ಟೆಪ್ನಿಯಲ್ಲಿ ಹವಾ ಇದೆಯೇ ಎಂದು ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿದ್ದರೆ ಊಟಕ್ಕಾಗಿ ಢಾಬಾ ಹುಡುಕುವ ಗಂಟೆಯೊಂದು ಉಳಿಯುತ್ತದೆ. ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಎಚ್ಚರಿಕೆ: ಮಳೆ ಬಿದ್ದ ಮೇಲೆ ಡಾಂಬರಿನಿಂದ ಪಕ್ಕದ ಎರೆಮಣ್ಣಿಗೆ ಚಕ್ರ ಇಳಿಸಬೇಡಿ. ಐದು ನಿಮಿಷ ಚಹಾ ಕುಡಿಯಲು ಹಾಗೆ ಇಳಿಸಿದ ನನ್ನ ಕಾರನ್ನು ಎಳೆಯಲು ಟ್ರ್ಯಾಕ್ಟರಿಗಾಗಿ ಎರಡು ಗಂಟೆ ಕಾಯಬೇಕಾಯಿತು.

ಸೋಮವಾರ ಆರು ಗಂಟೆಗೆ ಸೊಲ್ಲಾಪುರ ಬಿಟ್ಟರೆ ಎಂಟಕ್ಕೆ ವಿಜಯಪುರ. ಗೋಳಗುಮ್ಮಟಕ್ಕೆ ನೇರವಾಗಿ ಹೋಗಿ. ಶಾಲಾ ಮಕ್ಕಳ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತಿಗೆ ಅವಕಾಶವಿರುವುದಿಲ್ಲ. ಇಬ್ರಾಹಿಂ ರೋಜಾ ನೋಡಿ ಊಟ ಮುಗಿಸಿ ಎರಡೂವರೆಯೊಳಗೆ ಹೊರಟರೆ ಸಿಂದಗಿ, ಜೇವರ್ಗಿಗಳನ್ನು ದಾಟಿ, ಕತ್ತಲಾಗುವ ಮೊದಲೇ ಭೀಮಾ ಸೇತುವೆಯ ಈಚೆ ಬರುತ್ತೀರಿ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರುಗಳು ರಾತ್ರಿ ಈ ರಸ್ತೆಗಳಲ್ಲಿ ಓಡಾಡುವುದರಿಂದ, ನಾಲ್ಕು ಗಂಟೆ ಮೀರಿದರೆ ವಿಜಯಪುರದಲ್ಲೇ ಉಳಿದು ನಸುಕಿನಲ್ಲಿ ಹೊರಡುವುದು ಉತ್ತಮ. ಅದಕ್ಕಾಗಿ ಮಂಗಳವಾರದ ಅರ್ಧ ದಿನದ ರಜೆಯನ್ನೂ ಹೊರಡುವ ಮೊದಲೇ ಬರೆದುಕೊಟ್ಟಿರಬೇಕು.