ಅಟ್ಟದ ಮೇಲಿನ ಹಾರ್ಡ್ ಡಿಸ್ಕ್‌ನಲ್ಲಿ ಬಿಟ್‌ಕಾಯಿನ್: ವ್ಯಾಲೆಟ್ ಕಡತವನ್ನು ಹೊರತೆಗೆಯುವುದು, ಕಾಪಾಡುವುದು ಹೇಗೆ?

ಯುಗಾದಿಗೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸಲು ಅಟ್ಟವನ್ನು ಖಾಲಿ ಮಾಡುವುದು ನಮ್ಮ ತುಮಕೂರು ಸೀಮೆಯ ಮನೆಗಳಲ್ಲಿ ರೂಢಿ. ಗುಬ್ಬಿ ಬಳಿಯ ಅಕ್ಕನ ಮನೆಯಲ್ಲಿ ಹಾಗೆ ಕೆಳಗಿಳಿದ ಸಾಮಾನಿನ ನಡುವೆ, ಸೋದರಳಿಯ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ 2013ರಲ್ಲಿ ಕೊಂಡಿದ್ದ ಕಂಪ್ಯೂಟರಿನ ಸಿಪಿಯು ಪೆಟ್ಟಿಗೆಯೂ ಇತ್ತು. ಗುಜರಿಯವರು ಅದನ್ನು ತೂಕಕ್ಕೆ ಇಡುವ ಹೊತ್ತಿಗೆ, ಹಾಸ್ಟೆಲ್ಲಿನ ಗೆಳೆಯನೊಬ್ಬ ತನಗೆ ಸ್ವಲ್ಪ ಬಿಟ್‌ಕಾಯಿನ್ ಕಳುಹಿಸಿದ್ದು ಅದೇ ಯಂತ್ರಕ್ಕೆ ಎಂಬುದು ಅವನಿಗೆ ನೆನಪಾಯಿತು. ಎಲ್ಲರಿಗೂ ಹೀಗೆ ಸಮಯಕ್ಕೆ ನೆನಪಾಗುವುದಿಲ್ಲ. ಬ್ರಿಟನ್ನಿನ ವೇಲ್ಸ್‌ನ ನ್ಯೂಪೋರ್ಟ್ ನಗರದ ಜೇಮ್ಸ್ ಹೋವೆಲ್ಸ್ ಅವರ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಹಾರ್ಡ್ ಡಿಸ್ಕ್ 2013ರಲ್ಲಿ ನಗರದ ಕಸದ ರಾಶಿಯನ್ನು ಸೇರಿತು. ಅದನ್ನು ಅಗೆದು ಹುಡುಕಲು ಅವಕಾಶ ಕೋರಿದ ಅವರ ದಾವೆಯನ್ನು 2025ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ವಜಾಗೊಳಿಸಿತು.

ಬಿಟ್‌ಕಾಯಿನ್ ತಂತ್ರಾಂಶ ಕಂಪ್ಯೂಟರಿನಲ್ಲಿ ಇಡುವ ವ್ಯಾಲೆಟ್ ಕಡತದ ಒಳಗೆ ನಾಣ್ಯಗಳು ಇರುವುದಿಲ್ಲ. ಯಾವ ವಿಳಾಸದಲ್ಲಿ (ಬ್ಯಾಂಕ್ ಖಾತೆ ಸಂಖ್ಯೆಯಂಥದ್ದು) ಎಷ್ಟು ಬಿಟ್‌ಕಾಯಿನ್ ಇದೆ ಎಂಬ ಲೆಕ್ಕ ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರ್‌ಗಳಲ್ಲಿರುವ ಬ್ಲಾಕ್‌ಚೈನ್ ಎಂಬ ಖಾತೆಪುಸ್ತಕದಲ್ಲಿದೆ. ಕಡತದಲ್ಲಿರುವುದು ಆ ವಿಳಾಸಗಳ ಹಣವನ್ನು ಖರ್ಚು ಮಾಡಲು ಬೇಕಾದ ಖಾಸಗಿ ಕೀಲಿಗಳು ಮಾತ್ರ. ಆದ್ದರಿಂದ ಕಡತ ನಾಶವಾದರೂ ಅದರ ಒಂದು ಒಳ್ಳೆಯ ಪ್ರತಿ ಉಳಿದಿದ್ದರೆ ಏನೂ ನಷ್ಟವಾಗುವುದಿಲ್ಲ. ಹಾಗೆಯೇ, ಗುಪ್ತಪದದ ಬೀಗವಿಲ್ಲದ ಒಂದು ಪ್ರತಿ ಬೇರೆಯವರ ಕೈಗೆ ಸಿಕ್ಕಿದರೆ ಮೂಲ ಕಡತ ನಿಮ್ಮ ಬಳಿ ಭದ್ರವಾಗಿದ್ದರೂ ಹಣ ಉಳಿಯುವುದಿಲ್ಲ.

ಮೊದಲು: ಸ್ವಿಚ್ ಹಾಕಬೇಡಿ

ನಾವು ಮಾಡಿದ ತಪ್ಪನ್ನು ಮೊದಲೇ ಹೇಳುತ್ತೇನೆ. ಆತುರದಲ್ಲಿ ಅದೇ ಸಂಜೆ ಪೆಟ್ಟಿಗೆಯ ಧೂಳು ಒರೆಸಿ ಕಂಪ್ಯೂಟರನ್ನು ಚಾಲೂ ಮಾಡಿದೆವು. ವಿಂಡೋಸ್ ತಾನಾಗಿಯೇ ಡಿಸ್ಕ್ ತಪಾಸಣೆ ಆರಂಭಿಸಿತು, ನಡುವೆ ಕರೆಂಟ್ ಹೋಯಿತು. ಅದೃಷ್ಟಕ್ಕೆ ಡಿಸ್ಕ್ ಹಾಳಾಗಲಿಲ್ಲ. ಹಳೆಯ ಡಿಸ್ಕ್‌ನಿಂದ ಕಂಪ್ಯೂಟರನ್ನು ಚಾಲೂ ಮಾಡಿದಾಗಲೆಲ್ಲ ಅದರ ಮೇಲೆ ಹೊಸ ಮಾಹಿತಿ ಬರೆಯಲ್ಪಡುತ್ತದೆ. ಅಳಿಸಿಹೋದ ಕಡತವೊಂದು ಉಳಿದಿದ್ದ ಜಾಗದ ಮೇಲೆಯೇ ಅದು ಬೀಳಬಹುದು.

ಸರಿಯಾದ ಕ್ರಮವೆಂದರೆ ಡಿಸ್ಕನ್ನು ಪೆಟ್ಟಿಗೆಯಿಂದ ಬಿಚ್ಚಿ, ಸಾಟಾ-ಯುಎಸ್‌ಬಿ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸುವುದು. ಈ ಕೇಬಲ್ ಊರಿನ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ದೊಡ್ಡ ಗಾತ್ರದ ಡೆಸ್ಕ್‌ಟಾಪ್ ಡಿಸ್ಕ್ ಆಗಿದ್ದರೆ ಪ್ರತ್ಯೇಕ ಅಡಾಪ್ಟರ್ ಇರುವುದನ್ನೇ ಕೇಳಿ ತನ್ನಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆ) ಚಾಲೂ ಮಾಡಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕ್‌ನ ಯಥಾಪ್ರತಿಯನ್ನು ಮತ್ತೊಂದು ಡಿಸ್ಕ್‌ಗೆ ತೆಗೆದುಕೊಳ್ಳಿ. ಹಾಳಾದ ಭಾಗಗಳನ್ನು ಮೊದಲು ಬಿಟ್ಟು, ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಆಮೇಲೆ ಉಳಿದ ಭಾಗಗಳಿಗೆ ಮರಳುವುದು ಇದರ ಗುಣ. ಹಲವು ಗಂಟೆ ಹಿಡಿಯುವ ಕೆಲಸವಾದ್ದರಿಂದ ಲ್ಯಾಪ್‌ಟಾಪ್ ಬಳಸಿ, ಡಿಸ್ಕ್‌ನ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ. ಇಲ್ಲಿಂದ ಮುಂದೆ ಎಲ್ಲ ಹುಡುಕಾಟವೂ ಪ್ರತಿಯ ಮೇಲೆಯೇ ನಡೆಯಬೇಕು. ಮೂಲ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ಆ ಕ್ಷಣವೇ ವಿದ್ಯುತ್ ತೆಗೆಯಿರಿ, ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಅದು ಸ್ವಚ್ಛ ಕೊಠಡಿಯಿರುವ ಪ್ರಯೋಗಾಲಯದ ಕೆಲಸ.

ಕಡತದ ಹುಡುಕಾಟ

ಬಿಟ್‌ಕಾಯಿನ್ ಕೋರ್ ಎಂಬ ಮೂಲ ತಂತ್ರಾಂಶ ಇಡುವ ಕಡತದ ಹೆಸರು ‘ವ್ಯಾಲೆಟ್’. ಅದರ ಬೆನ್ನಿಗೆ ಒಂದು ಚುಕ್ಕಿ, ನಂತರ ಡಿ, ಎ, ಟಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳು. ಲೈಟ್‌ಕಾಯಿನ್, ಡೋಜ್‌ಕಾಯಿನ್ ಎಂಬ ಬೇರೆ ಡಿಜಿಟಲ್ ನಾಣ್ಯಗಳ ಕಡತಕ್ಕೂ ಇದೇ ಹೆಸರು. ವಿಂಡೋಸ್‌ನಲ್ಲಿ ಬಳಕೆದಾರರ ಫೋಲ್ಡರಿನೊಳಗಿನ ಆ್ಯಪ್‌ಡೇಟಾ, ಅದರೊಳಗಿನ ರೋಮಿಂಗ್, ಅದರೊಳಗಿನ ಬಿಟ್‌ಕಾಯಿನ್ ಫೋಲ್ಡರಿನಲ್ಲಿ ಇದು ಇರುತ್ತದೆ. ಆ್ಯಪ್‌ಡೇಟಾ ಸಾಮಾನ್ಯವಾಗಿ ಮರೆಯಾಗಿರುವುದರಿಂದ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿದ ಮೇಲಷ್ಟೇ ಕಾಣುತ್ತದೆ. ಕಡತ ಅಳಿಸಿಹೋಗಿದ್ದರೆ ಅಥವಾ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಕಳೆದಿದ್ದರೆ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ನೆರವಾಗುತ್ತದೆ. ಫಾರ್ಮ್ಯಾಟ್ ಆದ ಡಿಸ್ಕ್‌ನ ಪ್ರತಿಯಲ್ಲಿ ಕೀಲಿಗಳ ಗುರುತನ್ನೇ ಅರಸುವ ಪೈವ್ಯಾಲೆಟ್ ಎಂಬ ಸಾಧನವೂ ಇದೆ. ಆದರೆ ಎಸ್‌ಎಸ್‌ಡಿಯಿಂದ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಅಳಿಸಿದ ಕಡತ ಮರಳಿ ಸಿಗುವುದು ಅಪರೂಪ, ಏಕೆಂದರೆ ಅಳಿಸಿದ ಜಾಗವನ್ನು ಅದು ಟ್ರಿಮ್ ಎಂಬ ವ್ಯವಸ್ಥೆಯ ಮೂಲಕ ತಾನೇ ಖಾಲಿ ಮಾಡಿಕೊಳ್ಳುತ್ತದೆ.

ಕಡತ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊದಲು ಅದರ ಎರಡು ಪ್ರತಿಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿಡಿ. ಹಳೆಯ ಮಿಂಚಂಚೆಯಲ್ಲೋ ಚಾಟ್‌ನಲ್ಲೋ ನಿಮ್ಮ ವಿಳಾಸ ಉಳಿದಿದ್ದರೆ (ಆ ಕಾಲದ ವಿಳಾಸಗಳು ಬಹುತೇಕ 1 ಎಂಬ ಅಂಕಿಯಿಂದ ಆರಂಭವಾಗುತ್ತವೆ) ಬ್ಲಾಕ್‌ಚೈನ್ ತೋರಿಸುವ ಜಾಲತಾಣದಲ್ಲಿ ಹಣವಿದೆಯೇ ಎಂದು ನೋಡಬಹುದು. ವಿಳಾಸವನ್ನು ಯಾರಿಗೆ ತೋರಿಸಿದರೂ ಹಣಕ್ಕೆ ಅಪಾಯವಿಲ್ಲ. ಆದರೆ 5, ಕೆ ಅಥವಾ ಎಲ್‌ನಿಂದ ಆರಂಭವಾಗುವ ಉದ್ದನೆಯ ಖಾಸಗಿ ಕೀಲಿಯನ್ನು ಯಾವ ಜಾಲತಾಣದಲ್ಲೂ ಬೆರಳಚ್ಚು ಮಾಡಕೂಡದು.

ಬಿಟ್‌ಕಾಯಿನ್ ಕೋರ್‌ನ ಇತ್ತೀಚಿನ ಆವೃತ್ತಿಗಳು ಹಳೆಯ ಮಾದರಿಯ ಕಡತವನ್ನು ನೇರವಾಗಿ ತೆರೆಯುವುದಿಲ್ಲ, ಹೊಸ ಮಾದರಿಗೆ ವರ್ಗಾಯಿಸಿ ಎನ್ನುತ್ತವೆ. ವರ್ಗಾವಣೆಯನ್ನು ಪ್ರತಿಯ ಮೇಲೆ ಮಾಡಿ. ಬ್ಲಾಕ್‌ಚೈನ್ ಇಂದು 600 ಜಿಬಿಗೂ ಮೀರಿರುವುದರಿಂದ ಪೂರ್ತಿ ಇಳಿಸಿಕೊಳ್ಳುವುದು ಹಳ್ಳಿಯ ಇಂಟರ್ನೆಟ್‌ನಲ್ಲಿ ದೀರ್ಘ ಕೆಲಸ. ಬದಲಿಗೆ, ಹಳೆಯ ಆವೃತ್ತಿಯಲ್ಲಿ ಇಂಟರ್ನೆಟ್ ಇಲ್ಲದೆಯೇ ಕಡತವನ್ನು ತೆರೆದು, ಕೀಲಿಗಳನ್ನು ಹೊರತೆಗೆದು, ಎಲೆಕ್ಟ್ರಮ್‌ನಂಥ ಹಗುರವಾದ ವ್ಯಾಲೆಟ್‌ಗೆ ಹಣವನ್ನು ಎಳೆದುಕೊಳ್ಳಬಹುದು. ನಾವು ಮಾಡಿದ್ದೂ ಹೀಗೆಯೇ. ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದ ಮಾತ್ರ ಪಡೆಯಬೇಕು, ಏಕೆಂದರೆ ಇದೇ ಹೆಸರಿನ ನಕಲಿಗಳು ಕೀಲಿಗಳನ್ನು ಕದಿಯುವುದಕ್ಕಾಗಿಯೇ ಹುಟ್ಟಿಕೊಂಡಿವೆ.

ಗುಪ್ತಪದ ಮರೆತಿದ್ದರೆ

ವ್ಯಾಲೆಟ್‌ಗೆ ಗುಪ್ತಪದದ ಬೀಗ ಹಾಕುವ ಸೌಲಭ್ಯ 2011ರಲ್ಲಿ ಬಂತು. ಗುಪ್ತಪದವನ್ನು ಬದಲಿಸಿಕೊಡುವ ಕಚೇರಿ ಎಲ್ಲಿಯೂ ಇಲ್ಲ. ಪೂರ್ತಿ ಮರೆತಿದ್ದರೆ ದಾರಿಯಿಲ್ಲ; ಅರ್ಧ ನೆನಪಿದ್ದರೆ ಇದೆ. ಒಂದು ಹಾಳೆಯಲ್ಲಿ ಆ ದಿನಗಳ ತುಣುಕುಗಳನ್ನೆಲ್ಲ ಬರೆಯಿರಿ: ಮನೆದೇವರ ಹೆಸರು, ಕಾಲೇಜಿನ ರೋಲ್ ನಂಬರ್, ಕೆಎ-06ರಿಂದ ಆರಂಭವಾಗುವ ಬೈಕಿನ ಸಂಖ್ಯೆ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ದೀರ್ಘಕ್ಕೆ ಒಂದು ‘ಎ’ ಹಾಕುತ್ತಿದ್ದಿರೋ ಎರಡೋ, ‘ಳ’ಕಾರಕ್ಕೆ ದೊಡ್ಡಕ್ಷರ ಬಳಸುತ್ತಿದ್ದಿರೋ ಎಂಬುದನ್ನೂ ಗುರುತಿಸಿ. ಬಿಟಿಸಿರಿಕವರ್ ಎಂಬ ಉಚಿತ ತಂತ್ರಾಂಶ ಈ ತುಣುಕುಗಳನ್ನು ಎಲ್ಲ ಬಗೆಯಲ್ಲೂ ಜೋಡಿಸಿ ಪ್ರಯತ್ನಿಸುತ್ತದೆ. ಅಳಿಯನ ಗುಪ್ತಪದ ನಾಲ್ಕನೆಯ ದಿನ ಸಿಕ್ಕಿತು. ಊರದೇವತೆಯ ಹೆಸರಿನಲ್ಲಿ ಅವನು ಒಂದು ‘ಎಚ್’ ಹೆಚ್ಚು ಸೇರಿಸಿದ್ದ.

ಮುಂಗಡ ಹಣ ಪಡೆದು ವ್ಯಾಲೆಟ್ ತೆರೆದುಕೊಡುತ್ತೇವೆ ಎಂದು ಟೆಲಿಗ್ರಾಂನಲ್ಲಿ ಬರುವವರನ್ನು ದೂರವಿಡಿ. ಮೋಸವಾಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೆಯ ಬ್ಯಾಕಪ್ ಏಕೆ ಸಾಲದು?

ಒಮ್ಮೆ ಪ್ರತಿ ತೆಗೆದಿಟ್ಟಿದ್ದೇನೆ, ಇನ್ನು ಚಿಂತೆಯಿಲ್ಲ ಎಂದು ನಂಬಿ ಹಣ ಕಳೆದುಕೊಂಡವರಿದ್ದಾರೆ. ಸಂತೆಯಲ್ಲಿ 500 ರೂಪಾಯಿ ನೋಟು ಕೊಟ್ಟು ನೂರರ ತರಕಾರಿ ಕೊಂಡರೆ ಚಿಲ್ಲರೆ ನಿಮ್ಮ ಕೈಗೇ ಬರುತ್ತದೆ. ಬಿಟ್‌ಕಾಯಿನ್ ಕೋರ್‌ನಲ್ಲಿ ಈ ಚಿಲ್ಲರೆ ಹಳೆಯ ವಿಳಾಸಕ್ಕೆ ಮರಳದೆ, ನಿಮ್ಮದೇ ಆದ ಹೊಸ ವಿಳಾಸಕ್ಕೆ ಹೋಗುತ್ತದೆ. ಹಳೆಯ ವ್ಯಾಲೆಟ್‌ಗಳು 100 ಕೀಲಿಗಳನ್ನು ಮುಂಚಿತವಾಗಿ ಹುಟ್ಟಿಸಿಟ್ಟುಕೊಂಡು, ಪ್ರತಿ ಹೊಸ ವಿಳಾಸಕ್ಕೂ ಪ್ರತಿ ಚಿಲ್ಲರೆಗೂ ಅದರಿಂದ ಒಂದೊಂದನ್ನು ಬಳಸುತ್ತಿದ್ದವು. ಬ್ಯಾಕಪ್ ತೆಗೆದ ನಂತರ ಆ ನೂರೂ ಮುಗಿದಿದ್ದರೆ, ಆಮೇಲಿನ ಕೀಲಿಗಳು ನಿಮ್ಮ ಪ್ರತಿಯಲ್ಲಿ ಇರುವುದೇ ಇಲ್ಲ. ಹಣ ಎಲ್ಲಿದೆ ಎಂಬುದು ಬ್ಲಾಕ್‌ಚೈನ್ ಖಾತೆಪುಸ್ತಕದಲ್ಲಿ ಕಾಣುತ್ತದೆ, ತೆಗೆಯಲು ಬರುವುದಿಲ್ಲ. ಬೀಜದಂಥ ಒಂದೇ ಮೂಲ ಸಂಖ್ಯೆಯಿಂದ ಎಲ್ಲ ಕೀಲಿಗಳನ್ನೂ ಹುಟ್ಟಿಸುವ ಪದ್ಧತಿ ಬಿಟ್‌ಕಾಯಿನ್ ಕೋರ್‌ಗೆ 2016ರಲ್ಲಿ ಬಂದ ಮೇಲೆ ಹೊಸ ವ್ಯಾಲೆಟ್‌ಗಳಿಗೆ ಈ ತೊಂದರೆ ತಪ್ಪಿತು. ಅದಕ್ಕೂ ಮುಂಚಿನ ಒಂದೊಂದು ಕಡತದಲ್ಲೂ ಬೇರೆ ಕೀಲಿಗಳಿರಬಹುದು, ಆದ್ದರಿಂದ ಹಳೆಯ ಡಿಸ್ಕ್‌ನಲ್ಲಿ ಒಂದಕ್ಕಿಂತ ಹೆಚ್ಚು ವ್ಯಾಲೆಟ್ ಕಡತಗಳು ಸಿಕ್ಕರೆ ಯಾವುದನ್ನೂ ಅಳಿಸದೆ, ದಿನಾಂಕ ಬರೆದು ಎಲ್ಲವನ್ನೂ ಇಟ್ಟುಕೊಳ್ಳಿ.

ಹಳೆಯ ಕಡತವನ್ನೇ ಬಳಸುತ್ತಾ ಹೋಗುವುದಕ್ಕಿಂತ, 12 ಅಥವಾ 24 ಪದಗಳಿಂದ ಎಲ್ಲ ಕೀಲಿಗಳನ್ನೂ ಮತ್ತೆ ಕಟ್ಟಬಹುದಾದ ಹೊಸ ವ್ಯಾಲೆಟ್ ಮಾಡಿಕೊಂಡು ಹಣವನ್ನು ಅದಕ್ಕೆ ಸಾಗಿಸುವುದು ಉತ್ತಮವೆಂಬುದು ನನ್ನ ಅಭಿಪ್ರಾಯ. ಕಡತವನ್ನೇ ಉಳಿಸಿಕೊಳ್ಳುವುದಾದರೆ, ತಂತ್ರಾಂಶ ನಡೆಯುತ್ತಿರುವಾಗ ಅದನ್ನು ಹಾಗೆಯೇ ನಕಲಿಸದೆ ಮೆನುವಿನಲ್ಲಿರುವ ಬ್ಯಾಕಪ್ ಆಯ್ಕೆಯನ್ನು ಬಳಸಿ; ಬೀಗ ಹಾಕಿದ ಕೂಡಲೇ ಹೊಸ ಪ್ರತಿ ತೆಗೆಯಿರಿ. ಬೀಗಕ್ಕೆ ಮುಂಚಿನ ಪ್ರತಿಗಳು ಬೀಗವಿಲ್ಲದೆಯೇ ಉಳಿದಿರುತ್ತವೆ ಎಂಬುದೂ ನೆನಪಿರಲಿ.

ಹೊಸ ವ್ಯಾಲೆಟ್‌ನ ಪದಗಳು ಬಹುಪಾಲು 2,048 ಇಂಗ್ಲಿಷ್ ಪದಗಳ ನಿಗದಿತ ಪಟ್ಟಿಯಿಂದ ಬರುತ್ತವೆ, ಪ್ರತಿ ಪದದ ಮೊದಲ ನಾಲ್ಕು ಅಕ್ಷರಗಳಷ್ಟೇ ಅದನ್ನು ಗುರುತಿಸಲು ಸಾಕು. ಕ್ರಮ ತಪ್ಪದಂತೆ ಕೈಯಲ್ಲೇ ಬರೆಯಿರಿ; ಮೊಬೈಲಿನಲ್ಲಿ ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಡಿ. ಕಾಗದಕ್ಕೆ ನಮ್ಮ ಕಡೆ ಗೆದ್ದಲಿನ ಕಾಟ. ಪಾತ್ರೆ ಅಂಗಡಿಗಳಲ್ಲಿ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಯುವ ಯಂತ್ರವನ್ನು ನೋಡಿರುತ್ತೀರಿ. ಅಂಥದ್ದೊಂದನ್ನು ಎರವಲು ತಂದು ಸ್ಟೀಲ್ ತಟ್ಟೆಯೊಂದರ ಮೇಲೆ ಪದಗಳನ್ನು ಕೊರೆದರೆ ನೀರಿಗೂ ಗೆದ್ದಲಿಗೂ ಹೆದರಬೇಕಿಲ್ಲ. ಕೊರೆಯುವ ಕೆಲಸವನ್ನು ನೀವೇ ಮಾಡಬೇಕು, ಅಂಗಡಿಯವರಿಗೆ ಪದಗಳನ್ನು ಕೊಡಕೂಡದು. ಒಂದು ತಟ್ಟೆ ಮನೆಯಲ್ಲಿ, ಇನ್ನೊಂದು ಬ್ಯಾಂಕ್ ಲಾಕರಿನಲ್ಲಿರಲಿ. ಅವು ಎಲ್ಲಿವೆ ಎಂಬುದು ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಬೇಕು.

ಹಣ ಸಾಗಿಸುವ ಮುನ್ನ ಪರೀಕ್ಷೆ ಮಾಡಿ: ಹೊಸ ವ್ಯಾಲೆಟ್‌ನ ಮೊದಲ ವಿಳಾಸವನ್ನು ಬರೆದುಕೊಂಡು, ವ್ಯಾಲೆಟ್ ಅಳಿಸಿ, ತಟ್ಟೆಯ ಪದಗಳಿಂದ ಮತ್ತೆ ಕಟ್ಟಿ, ಅದೇ ವಿಳಾಸ ಬಂದರೆ ಮೊದಲು ಚಿಕ್ಕ ಮೊತ್ತ ಕಳುಹಿಸಿ, ತಲುಪಿದ ಮೇಲೆ ಉಳಿದದ್ದನ್ನು ಕಳುಹಿಸಿ. ಮುಂದೆ ಮಾರುವುದಾದರೆ 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30 ತೆರಿಗೆಯೂ ಅದೇ ವರ್ಷದ ಜುಲೈ 1ರಿಂದ ಶೇ 1 ಟಿಡಿಎಸ್ ನಿಯಮವೂ ಜಾರಿಯಲ್ಲಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಣ ಸಾಗಿಸಿದ ಮೇಲೂ ಹಳೆಯ ಕಡತವನ್ನು ಎಸೆಯಬೇಡಿ. 2017ರ ಆಗಸ್ಟ್‌ನಲ್ಲಿ ಬಿಟ್‌ಕಾಯಿನ್‌ನಿಂದ ಬಿಟ್‌ಕಾಯಿನ್ ಕ್ಯಾಶ್ ಎಂಬ ಬೇರೆ ನಾಣ್ಯ ಕವಲೊಡೆದಾಗ, ಅದಕ್ಕೂ ಮುಂಚೆ ಬಿಟ್‌ಕಾಯಿನ್ ಇಟ್ಟಿದ್ದ ವಿಳಾಸಗಳಲ್ಲಿ ಅಷ್ಟೇ ಸಂಖ್ಯೆಯ ಹೊಸ ನಾಣ್ಯವೂ ಸೇರಿಕೊಂಡಿತು, ಅದನ್ನು ತೆಗೆಯಲು ಬೇಕಿರುವುದು ಇದೇ ಹಳೆಯ ಕೀಲಿಗಳು. ಅಳಿಯನ ಸಿಪಿಯು ಪೆಟ್ಟಿಗೆ ಗುಜರಿಗೆ ಹೋಯಿತು. ಹಾರ್ಡ್ ಡಿಸ್ಕ್ ಅಕ್ಕನ ಬೀರುವಿನಲ್ಲೇ ಇದೆ, ಮೇಲೆ ದಿನಾಂಕದ ಚೀಟಿ ಅಂಟಿಸಿದ್ದೇವೆ.