ವೀರ್ಯ ತೊಳೆದರೆ ಡಿಎನ್‌ಎ ಸರಿಹೋಗುತ್ತದೆಯೇ?

ಮಡಿಕೇರಿಯ ಚಿಕಿತ್ಸಾ ಕೇಂದ್ರವೊಂದರಲ್ಲಿ ಐಯುಐಗಾಗಿ (ವೀರ್ಯಾಣುಗಳನ್ನು ನೇರವಾಗಿ ಗರ್ಭಾಶಯದೊಳಗೆ ಬಿಡುವ ಚಿಕಿತ್ಸೆ) ವೀರ್ಯವನ್ನು ತೊಳೆದು ಸಿದ್ಧಪಡಿಸುವ ಕೆಲಸ ನನ್ನದು. ಇಲ್ಲಿನ ಮಳೆಗಾಲದ ಚಳಿಗೆ ವೀರ್ಯಾಣುಗಳ ಓಟ ಬೇಗನೆ ಕುಗ್ಗುವುದರಿಂದ, ನಾಪೋಕ್ಲು ಕಡೆಯಿಂದ ಮಾದರಿ ತರುವವರಿಗೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಲು ಹೇಳುತ್ತೇನೆ.

37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆ ಇಟ್ಟು ವೀರ್ಯ ನೀರಾದ ಮೇಲೆ, ಕೊಳವೆಯ ತಳದಲ್ಲಿ ಶೇ. 80ರ, ಅದರ ಮೇಲೆ ಶೇ. 40ರ ಗ್ರೇಡಿಯೆಂಟ್ ದ್ರಾವಣವನ್ನು (ಸಾಂದ್ರತೆಗೆ ತಕ್ಕಂತೆ ಕಣಗಳನ್ನು ಬೇರ್ಪಡಿಸುವ ದ್ರವ) ಕಲಕದಂತೆ ಹಾಕಿ, ಮೇಲ್ಗಡೆ ವೀರ್ಯವನ್ನು ನಿಧಾನವಾಗಿ ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ 300 ಜಿ (ಗುರುತ್ವಾಕರ್ಷಣೆಯ 300 ಪಟ್ಟು) ಬಲದಲ್ಲಿ ಸುಮಾರು 20 ನಿಮಿಷ ತಿರುಗಿಸುತ್ತೇನೆ. ಬಲಿತ, ಚುರುಕಾದ ವೀರ್ಯಾಣುಗಳು ತಳ ಸೇರುತ್ತವೆ. ಬಿಳಿ ರಕ್ತಕಣಗಳೂ ಸತ್ತ ವೀರ್ಯಾಣುಗಳೂ ಬಹುಪಾಲು ಮೇಲೆಯೇ ಉಳಿಯುತ್ತವೆ. ಈ ಬಿಳಿ ರಕ್ತಕಣಗಳು ಹೊರಬಿಡುವ ಕ್ರಿಯಾಶೀಲ ಆಮ್ಲಜನಕ ಡಿಎನ್‌ಎಯನ್ನೇ ತುಂಡರಿಸಬಲ್ಲದು. ಆದ್ದರಿಂದ ವೇಗ ಹೆಚ್ಚಿಸಿ ಸಮಯ ಉಳಿಸುವುದನ್ನಾಗಲಿ, ತೊಳೆದ ಮಾದರಿಯನ್ನು ಇನ್‌ಕ್ಯುಬೇಟರಿನಲ್ಲಿ ಗಂಟೆಗಟ್ಟಲೆ ಇಡುವುದನ್ನಾಗಲಿ ನಾನು ಒಪ್ಪುವುದಿಲ್ಲ.

ಎಣಿಕೆ, ಚಲನೆ ಎಲ್ಲವೂ ಸರಿಯಿದ್ದೂ ಗರ್ಭ ಪದೇ ಪದೇ ನಿಲ್ಲದಿದ್ದಾಗ ವೀರ್ಯಾಣುಗಳ ಡಿಎನ್‌ಎ ತುಂಡಾಗಿದೆಯೇ ಎಂದು ನೋಡುವ ಹಾಲೋ ಪರೀಕ್ಷೆ ಮಾಡುತ್ತೇವೆ. ಆಮ್ಲದಿಂದಲೂ ಪ್ರೋಟೀನ್ ಕರಗಿಸುವ ದ್ರಾವಣದಿಂದಲೂ ಸಂಸ್ಕರಿಸಿದ ಸ್ಲೈಡಿನಲ್ಲಿ, ಡಿಎನ್‌ಎ ಇಡಿಯಾಗಿರುವ ವೀರ್ಯಾಣುವಿನ ತಲೆಯ ಸುತ್ತ ಅಗಲವಾದ ಪ್ರಭೆ ಕಾಣುತ್ತದೆ; ತುಂಡಾಗಿದ್ದರೆ ಪ್ರಭೆ ತೀರ ಕಿರಿದು, ಇಲ್ಲವೇ ಇರುವುದೇ ಇಲ್ಲ. ಶೇ. 30ಕ್ಕಿಂತ ಹೆಚ್ಚು ವೀರ್ಯಾಣುಗಳಲ್ಲಿ ಹಾನಿ ಕಂಡರೆ ಅದನ್ನು ಸಾಮಾನ್ಯವಾಗಿ ಅಧಿಕವೆಂದು ಪರಿಗಣಿಸುತ್ತಾರೆ.

“ಮೇಡಂ, ಚೆನ್ನಾಗಿ ತೊಳೆದರೆ ಸರಿಹೋಗುತ್ತದಲ್ಲವೇ?” ಎಂದು ಕಾಫಿ ಬೆಳೆಗಾರರೊಬ್ಬರು ಕೇಳಿದ್ದರು. ತೊಳೆಯುವುದೆಂದರೆ ಇದ್ದುದರಲ್ಲಿ ಒಳ್ಳೆಯವನ್ನು ಆರಿಸುವುದು ಮಾತ್ರ, ತುಂಡಾದುದನ್ನು ಅದು ಜೋಡಿಸಲಾರದು ಎಂದು ಅವರಿಗೂ ಅವರ ಪತ್ನಿಗೂ ಸ್ಲೈಡ್ ತೋರಿಸಿಯೇ ವಿವರಿಸಿದೆ. ವರ್ಷಗಟ್ಟಲೆ ಪರೀಕ್ಷೆಗೆ ಹೆಂಡತಿಯನ್ನಷ್ಟೇ ಕಳುಹಿಸುವ ರೂಢಿ ನನಗೆ ನಿಜಕ್ಕೂ ನೋವು ಕೊಡುತ್ತದೆ.

ಹೊಸ ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕಾಗುವುದರಿಂದ, ಧೂಮಪಾನ ಬಿಡಿಸಿ, ವೆರಿಕೋಸೀಲ್ (ವೃಷಣದ ಸುತ್ತಲಿನ ರಕ್ತನಾಳಗಳ ಊತ) ಅಥವಾ ಸೋಂಕು ಇದ್ದರೆ ವೈದ್ಯರಿಂದ ಚಿಕಿತ್ಸೆ ಕೊಡಿಸಿ, ಮೂರು ತಿಂಗಳ ನಂತರ ಅದೇ ವಿಧಾನದಲ್ಲಿ, ಮೊದಲಿನಷ್ಟೇ ದಿನ ವೀರ್ಯಸ್ಖಲನವಿಲ್ಲದ ಸಂಯಮದ ಬಳಿಕ ಮರುಪರೀಕ್ಷೆ ಮಾಡುತ್ತೇವೆ. ಪತ್ನಿಗೆ 35 ವರ್ಷ ದಾಟಿದ್ದರೆ ಅಷ್ಟು ಕಾಲ ಕಾಯಬೇಕೇ, ನೇರವಾಗಿ ಮುಂದಿನ ಚಿಕಿತ್ಸೆಗೆ ಹೋಗಬೇಕೇ ಎಂಬುದನ್ನು ದಂಪತಿ ವೈದ್ಯರೊಡನೆ ಆ ದಿನವೇ ಕುಳಿತು ನಿರ್ಧರಿಸುತ್ತಾರೆ.